ಮೋಟಾರ್ ತಿರುಗುತ್ತೆ, ಚಕ್ರ ತಿರುಗಲ್ಲ

ಓದುಗರ ಪ್ರಶ್ನೆ – ಬ್ರಿಕ್ ಜೋಡಿಸಿ ಯಂತ್ರ ಮಾಡುವವರಿಗೆ

ಈ ಸಲದ ಪ್ರಶ್ನೆಗಳೆಲ್ಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದವು. ಹೆಚ್ಚಿನವು ಲೆಗೊ ಟೆಕ್ನಿಕ್ (ಗೇರು, ಅಚ್ಚು, ಮೋಟಾರ್ ಜೋಡಿಸಿ ಓಡುವ ಮಾಡೆಲ್ ಕಟ್ಟುವ ಪ್ಲಾಸ್ಟಿಕ್ ಬ್ರಿಕ್ಕುಗಳ ಆಟಿಕೆ) ಮತ್ತು ಅದಕ್ಕೆ ಹೊಂದುವ ಬಿಡಿಭಾಗಗಳ ಬಗ್ಗೆ. ಪದೇ ಪದೇ ಬರುವ ಮೂರು ಅಳತೆಗಳನ್ನು ಮೊದಲೇ ಹೇಳಿಬಿಡುತ್ತೇವೆ: ಒಂದು ಸ್ಟಡ್ಡಿನಿಂದ (ಬ್ರಿಕ್ಕಿನ ತಲೆಯ ಮೇಲಿನ ಗುಂಡು ಉಬ್ಬು) ಪಕ್ಕದ್ದಕ್ಕೆ 8 ಮಿ.ಮೀ., ಬ್ರಿಕ್ಕಿನ ಎತ್ತರ 9.6 ಮಿ.ಮೀ., ಪ್ಲೇಟಿನ (ಬ್ರಿಕ್ಕಿನ ಚಪ್ಪಟೆ ತಮ್ಮ) ದಪ್ಪ 3.2 ಮಿ.ಮೀ.

ಜಾತ್ರೆಯ ಜೈಂಟ್ ವೀಲ್ ಮಾಡಿದ್ದೇವೆ. ಎಂ ಮೋಟಾರನ್ನು (ಲೆಗೊದ ಮಧ್ಯಮ ಗಾತ್ರದ ಮೋಟಾರ್) ನೇರವಾಗಿ ಅಚ್ಚಿಗೆ ಸಿಕ್ಕಿಸಿದರೆ ತೊಟ್ಟಿಲುಗಳು ಹಾರಿಹೋಗುತ್ತವೆ. ವರ್ಮ್ ಗೇರ್ (ಸ್ಕ್ರೂವಿನಂತೆ ಸುರುಳಿ ಹಲ್ಲಿನ ಗೇರ್) ಹಾಕಿದೆವು, ವೇಗ ತಗ್ಗಿತು; ಆದರೆ ಸ್ವಿಚ್ ಆರಿಸಿದ ಕೂಡಲೇ ಚಕ್ರ ಗಕ್ಕನೆ ನಿಲ್ಲುತ್ತದೆ. ತೊಟ್ಟಿಲುಗಳು ಮೇಲೆ ಹೋದಾಗ ತಲೆಕೆಳಗಾಗುತ್ತವೆ.
– ಅಪ್ಪ ಮತ್ತು ಮಗಳು, ಹಾಸನ

ತೊಟ್ಟಿಲಿನದು ಸುಲಭ. ಅವನ್ನು ಕಪ್ಪು ಪಿನ್ನಿನಲ್ಲಿ (ರಂಧ್ರಕ್ಕೆ ರಂಧ್ರ ಕೂಡಿಸುವ ಸಣ್ಣ ಗೂಟ) ನೇತುಹಾಕಿರುತ್ತೀರಿ. ಕಪ್ಪು ಪಿನ್ನಿನ ಮೈಮೇಲೆ ಸಣ್ಣ ಉಬ್ಬುಗೆರೆಗಳಿದ್ದು ರಂಧ್ರವನ್ನು ಬಿಗಿಯಾಗಿ ಹಿಡಿಯುತ್ತದೆ, ಹಾಗಾಗಿ ತೊಟ್ಟಿಲು ಚಕ್ರದ ಜೊತೆಗೇ ಹೊರಳುತ್ತದೆ. ತಿಳಿಬೂದು ಬಣ್ಣದ ನುಣುಪು ಪಿನ್ ಹಾಕಿ. ತೊಟ್ಟಿಲಿನ ತಳಕ್ಕೆ ಒಂದೆರಡು ಪ್ಲೇಟ್ ಹೆಚ್ಚಿಗೆ ಅಂಟಿಸಿದರೆ ಭಾರ ಕೆಳಗಿಳಿದು ಇನ್ನೂ ನೆಟ್ಟಗೆ ತೂಗುತ್ತದೆ.

ವರ್ಮ್ ಗೇರ್ ಒಂದು ಸುತ್ತು ಸುತ್ತಿದರೆ ಎದುರಿನ ಗೇರ್ ಒಂದೇ ಹಲ್ಲು ಮುಂದೆ ಹೋಗುತ್ತದೆ. 24 ಹಲ್ಲಿನದಕ್ಕೆ ಕೂಡಿಸಿದರೆ 24:1. ಅದನ್ನು ಎದುರಿನ ಗೇರಿನಿಂದ ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಕ್ರೇನಿಗೆ ಅದು ವರ, ಭಾರ ಎತ್ತಿದಲ್ಲೇ ನಿಲ್ಲುತ್ತದೆ. ತೂಕ ಸಮವಾಗಿರುವ ಜೈಂಟ್ ವೀಲಿಗೆ ಅದೇ ಶಾಪ: ಮೋಟಾರ್ ನಿಂತ ಕ್ಷಣ ಇಡೀ ಚಕ್ರದ ಓಟವನ್ನು ಒಂದೇ ಒಂದು ಹಲ್ಲು ತಡೆಯಬೇಕು. ಉಜ್ಜಾಟದಲ್ಲಿ ಶಕ್ತಿಯೂ ಬಹಳ ಪೋಲಾಗುತ್ತದೆ.

ಬದಲಿಗೆ ಎರಡು ಹಂತದಲ್ಲಿ ಇಳಿಸಿ. ಮೋಟಾರಿನ ಅಚ್ಚಿಗೆ 8 ಹಲ್ಲು, ಅದಕ್ಕೆ 40 ಹಲ್ಲು; 40ರ ಅಚ್ಚಿನಲ್ಲೇ ಇನ್ನೊಂದು 8, ಅದಕ್ಕೆ ಇನ್ನೊಂದು 40. ಒಟ್ಟು 25:1. ಎಂ ಮೋಟಾರ್ 9 ವೋಲ್ಟಿನಲ್ಲಿ ಹೊರೆಯಿಲ್ಲದೆ ನಿಮಿಷಕ್ಕೆ ಸುಮಾರು 400 ಸುತ್ತು ಹೊಡೆಯುತ್ತದೆ. ರೀಚಾರ್ಜ್ ಸೆಲ್ ಆರು ಹಾಕಿದರೆ ಸಿಗುವುದು 7.2 ವೋಲ್ಟ್, ಆಗ 300ರ ಆಸುಪಾಸು. ಚಕ್ರ ನಿಮಿಷಕ್ಕೆ 12 ಸುತ್ತಾಯಿತು. ಅದೂ ಜೋರೆನಿಸಿದರೆ ಕೊನೆಗೆ 12 ಮತ್ತು 36 ಹಲ್ಲಿನ ಜೋಡಿ ಸೇರಿಸಿ, 4 ಸುತ್ತಿಗೆ ಇಳಿಯುತ್ತದೆ. ಈ ಮೂರನೇ ಹಂತಕ್ಕೆ 8 ಹಲ್ಲಿನದು ಬೇಡ. ತಿರುಚುವ ಬಲ ಅಲ್ಲೇ ಹೆಚ್ಚು. 8–40 ಇರಲಿ, 12–36 ಇರಲಿ, ಅಚ್ಚುಗಳ ನಡುವೆ ಸರಿಯಾಗಿ 3 ಸ್ಟಡ್ ದೂರ. ಪ್ರತಿ ಅಚ್ಚಿಗೂ ಗೇರಿನ ಎರಡೂ ಮಗ್ಗುಲಲ್ಲಿ ಬೀಮ್ (ಸಾಲಾಗಿ ತೂತುಗಳಿರುವ ಪಟ್ಟಿ) ಇರಲಿ. ಒಂದೇ ಕಡೆ ಆಸರೆ ಕೊಟ್ಟರೆ ಅಚ್ಚು ಬಾಗಿ ಹಲ್ಲು ಹಾರುತ್ತದೆ.

ಕಾಫಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮಾಡೆಲ್. ಹಳೆಯ ತೂತು ಬ್ರಿಕ್ಕುಗಳಿಂದ ಕಟ್ಟಿದ್ದೇನೆ. 8 ಹಲ್ಲಿನದರಿಂದ 24ಕ್ಕೆ ಕೊಟ್ಟರೆ ಟಕಟಕ ಸದ್ದು, ಡ್ರಮ್ ತಿರುಗುವುದಿಲ್ಲ. ಒತ್ತಿ ಹಿಡಿದರೆ ತಿರುಗುತ್ತದೆ, ಆದರೆ ಎರಡು ನಿಮಿಷಕ್ಕೆ ಮೋಟಾರ್ ಬಿಸಿಯಾಗಿ ನಿಲ್ಲುತ್ತದೆ. ಇನ್ನೂ ದೊಡ್ಡ ಎಕ್ಸ್‌ಎಲ್ ಮೋಟಾರ್ ಕೊಳ್ಳಬೇಕೇ?
– ತೋಟದ ಮನೆ, ಚಿಕ್ಕಮಗಳೂರು

ಕೊಳ್ಳಬೇಡಿ. ನೀವು ಕಳಿಸಿದ ಫೋಟೊದಲ್ಲಿ ಎರಡು ತೂತು ಬ್ರಿಕ್ಕುಗಳ ನಡುವೆ ಒಂದು ಸಾದಾ ಬ್ರಿಕ್ ಕಾಣುತ್ತದೆ. ಅಂದರೆ ತೂತಿನಿಂದ ತೂತಿಗೆ 19.2 ಮಿ.ಮೀ. ಆದರೆ 8 ಹಲ್ಲಿನ ಗೇರಿನ ತ್ರಿಜ್ಯ 4, 24ರದ್ದು 12. ಕೂಡಿಸಿದರೆ 16 ಮಿ.ಮೀ. ನಿಮ್ಮ ಅಚ್ಚುಗಳು ಬೇಕಾದದ್ದಕ್ಕಿಂತ 3.2 ಮಿ.ಮೀ. ದೂರ ನಿಂತಿವೆ, ಹಾಗಾಗಿ ಹಲ್ಲುಗಳು ಸರಿಯಾಗಿ ಕೂಡುತ್ತಿಲ್ಲ. ನಡುವಿನ ಬ್ರಿಕ್ ತೆಗೆದು ಎರಡು ಪ್ಲೇಟ್ ಇಡಿ: 9.6 ಮತ್ತು 6.4 ಸೇರಿ ಕರಾರುವಾಕ್ಕಾಗಿ 16. ಬ್ರಿಕ್ಕನ್ನು ಮೇಲಕ್ಕೆ ಪೇರಿಸಿ ಗೇರ್ ಕೂರಿಸುವವರೆಲ್ಲ ಎಡವುವ ಜಾಗ ಇದು.

ಬಿಸಿಯಾಗಲು ಕಾರಣ ಬೇರೆ. ಮೋಟಾರನ್ನು ಬಿಚ್ಚಿ, ಡ್ರಮ್ಮನ್ನು ಕಿರುಬೆರಳಿನಿಂದ ತಳ್ಳಿ ನೋಡಿ. ಬಿಟ್ಟ ಮೇಲೂ ಅರ್ಧ ಸುತ್ತಾದರೂ ತಾನೇ ಹೋಗಬೇಕು. ಹೋಗದಿದ್ದರೆ ಬುಶ್ಶುಗಳನ್ನು (ಅಚ್ಚು ಜಾರದಂತೆ ಹಿಡಿಯುವ ಸಣ್ಣ ಬಳೆ) ಬ್ರಿಕ್ಕಿಗೆ ಒತ್ತಿ ಕೂರಿಸಿದ್ದೀರಿ ಎಂದರ್ಥ. ಬಸ್ ಟಿಕೆಟ್ಟಿನ ತುಂಡೊಂದನ್ನು ನಡುವೆ ಇಟ್ಟು ಬುಶ್ ಒತ್ತಿ, ಆಮೇಲೆ ಕಾಗದ ಎಳೆದುಬಿಡಿ. ಅಷ್ಟು ಸಂದು ಸಾಕು. ಆಮೇಲೂ ಬಿಗಿಯಿದ್ದರೆ ಡ್ರಮ್ಮಿನ ಕಡೆಯಿಂದ ಒಂದೊಂದೇ ಗೇರ್ ಕಳಚುತ್ತಾ ಬನ್ನಿ. ಯಾವುದನ್ನು ತೆಗೆದಾಗ ಹಗುರಾಯಿತೋ ತಪ್ಪು ಅಲ್ಲಿದೆ. ಮೋಟಾರ್ ತಾನಾಗಿ ನಿಂತದ್ದು ಒಳ್ಳೆಯದೇ, ಒಳಗಿನ ರಕ್ಷಣೆ ಕೆಲಸ ಮಾಡಿದೆ. ಹತ್ತು ನಿಮಿಷ ಆರಲು ಬಿಡಿ.

ಅದಕ್ಕೆ ನಿಜವಾದ ಹಣ್ಣು ಹಾಕಿ ನೋಡುವ ಆಸೆ ಎಂದೂ ಬರೆದಿದ್ದೀರಿ. ಬೇಡ. ಕಾಫಿ ಹಣ್ಣಿನ ಲೋಳೆ ಹಲ್ಲುಗಳ ಸಂದಿಗೆ ಇಳಿದು ಒಣಗಿದರೆ ಆ ಗೇರುಗಳನ್ನು ಬಿಡಿಸುವುದೇ ಒಂದು ಕೆಲಸ. ಒಂದು ಸ್ಟಡ್ಡಿನ ಕೆಂಪು ದುಂಡು ಬ್ರಿಕ್ಕುಗಳನ್ನು ಹಾಪರಿಗೆ ಸುರಿಯಿರಿ, ನೋಡಲು ಹಣ್ಣಿನ ಹಾಗೇ ಇರುತ್ತವೆ. ನಡುವೆ ಸಿಕ್ಕಿಕೊಂಡರೆ ಗೇರ್ ಉಳಿಯಲೆಂದು ಒಂದು 24 ಹಲ್ಲಿನ ಕ್ಲಚ್ ಗೇರ್ ಸೇರಿಸಿ. ಹೊರೆ ಮೀರಿದರೆ ಅದರ ನಡುಭಾಗ ಜಾರುತ್ತದೆ, ಹಲ್ಲು ಮುರಿಯುವುದಿಲ್ಲ.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲನ್ನು ಬ್ರಿಕ್ಕಿನಲ್ಲಿ ಮಾಡುತ್ತಿದ್ದೇವೆ. ಎಂಜಿನ್ ಏರಿನಲ್ಲಿ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ಇಳಿಜಾರು ಎಷ್ಟಿರಬೇಕು?
– ಗೆಳೆಯರ ಬಳಗ, ಸಕಲೇಶಪುರ

ನಿಮ್ಮ ಘಾಟಿಯ ಏರು 50ಕ್ಕೆ 1 (50 ಮೀಟರ್ ಸಾಗಿದರೆ 1 ಮೀಟರ್ ಮೇಲಕ್ಕೆ), ಸುಮಾರು 55 ಕಿ.ಮೀ. ಉದ್ದಕ್ಕೆ, 57 ಸುರಂಗಗಳ ಮೂಲಕ. ಬ್ರಿಕ್ಕಿನ ನೇರ ಹಳಿಯ ಒಂದು ತುಂಡು 16 ಸ್ಟಡ್, ಅಂದರೆ 128 ಮಿ.ಮೀ. ಪ್ರತಿ ತುಂಡಿಗೂ ಒಂದು ಪ್ಲೇಟ್ ಏರಿಸಿದರೆ 40ಕ್ಕೆ 1 ಆಗುತ್ತದೆ. ನಿಜದ ಘಾಟಿಗಿಂತ ಕಡಿದು. ಐದು ತುಂಡಿಗೆ ನಾಲ್ಕು ಪ್ಲೇಟ್ ಏರಿಸಿದರೆ 640 ಮಿ.ಮೀ.ಗೆ 12.8 ಮಿ.ಮೀ., ಅಲ್ಲಿಗೆ ಸರಿಯಾಗಿ 50ಕ್ಕೆ 1! ಅರ್ಧ ಪ್ಲೇಟ್ ಎಂಬುದು ಇಲ್ಲವಲ್ಲ, ಹಾಗಾಗಿ ಪ್ರತಿ ಕೀಲಿಗೂ ಕಂಬ ಕೊಡಲು ಹೋಗಬೇಡಿ. 64 ಸೆಂ.ಮೀ. ಉದ್ದದ ಪ್ಲೈವುಡ್ ಪಟ್ಟಿಯ ಮೇಲೆ ಐದು ತುಂಡು ಹಾಸಿ, ಪಟ್ಟಿಯ ಒಂದು ತುದಿಯನ್ನು ನಾಲ್ಕು ಪ್ಲೇಟಿನಷ್ಟು ಎತ್ತರಿಸಿ. ಜಾಗದ ಲೆಕ್ಕ ಈಗಲೇ ಹಾಕಿಕೊಳ್ಳಿ: ಹತ್ತು ಬ್ರಿಕ್ ಎತ್ತರ ಏರಲು 4.8 ಮೀಟರ್ ಹಳಿ ಬೇಕು, 38 ತುಂಡು. ನಡುಮನೆ ಸಾಲದು, ಜಗಲಿಗೆ ಬನ್ನಿ.

ಚಕ್ರ ಜಾರುವುದಕ್ಕೆ ಮೋಟಾರಿನ ಶಕ್ತಿ ಕಡಿಮೆಯಾದದ್ದು ಕಾರಣವಲ್ಲ, ಮೋಟಾರಿನ ಮೇಲೆ ಭಾರ ಕಡಿಮೆ. ಬ್ಯಾಟರಿ ಪೆಟ್ಟಿಗೆಯನ್ನು ಹಿಂದಿನ ಬೋಗಿಯಿಂದ ಎಂಜಿನ್ನಿಗೆ ತಂದು ಮೋಟಾರಿನ ನೆತ್ತಿಯ ಮೇಲೇ ಕೂರಿಸಿ. ಮೋಟಾರ್ ಚಕ್ರದ ರಬ್ಬರ್ ಉಂಗುರಕ್ಕೆ ಧೂಳು ಮೆತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬೋಗಿಗಳ ಅಚ್ಚಿಗೆ ಕೂದಲು ಸುತ್ತಿಕೊಂಡಿರುತ್ತದೆ, ಚಿಮಟದಿಂದ ಎಳೆದು ತೆಗೆಯಿರಿ. ಏರಿನಲ್ಲಿ ತಿರುವು ಬೇಡ. ಇಷ್ಟಾದರೂ ಏರದಿದ್ದರೆ ನಿಮ್ಮೂರಿನ ಘಾಟಿಯಲ್ಲಿ ಮಾಡುವುದನ್ನೇ ಮಾಡಿ: ಹಿಂದಿನಿಂದ ತಳ್ಳಲು ಇನ್ನೊಂದು ಎಂಜಿನ್. ಎರಡೂ ಮೋಟಾರ್ ಒಂದೇ ಜಾತಿಯವಾಗಿರಲಿ. ಒಂದು ಹಿಂದುಮುಂದಾಗಿ ಕೂತಿದ್ದರೆ ಅದರ ದಿಕ್ಕು ತಿರುಗಿಸಿ, ಇಲ್ಲವಾದರೆ ಎರಡೂ ಜಗ್ಗಾಡುತ್ತವೆ.

ಗೇರಿಗೆ ಕೊಬ್ಬರಿ ಎಣ್ಣೆ ಬಿಡಬಹುದೇ?
– ಅರಸೀಕೆರೆ

ತೆಂಗಿನ ಸೀಮೆಯಿಂದ ಬರಬೇಕಾದ ಪ್ರಶ್ನೆಯೇ! ಬೇಡ. ಡಿಸೆಂಬರಿನಲ್ಲಿ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಗೇರಿನಲ್ಲೂ ಗಟ್ಟಿಯಾಗುತ್ತದೆ, ಧೂಳು ಹಿಡಿದು ಜಿಡ್ಡಾಗುತ್ತದೆ. ಬಾಗಿಲಿನ ಕೀಲಿಗೆ ಹೊಡೆಯುವ ಸ್ಪ್ರೇ ಇನ್ನೂ ಕೆಟ್ಟದ್ದು, ಪ್ಲಾಸ್ಟಿಕ್ ಸೀಳುಬಿಡಬಹುದು. ಸರಿಯಾಗಿ ಕಟ್ಟಿದ ಮಾಡೆಲ್ಲಿಗೆ ಎಣ್ಣೆಯೇ ಬೇಕಿಲ್ಲ. ವರ್ಮ್ ಗೇರ್ ಕೀಚಲಾಡಿದರೆ ಸಾಸಿವೆ ಕಾಳಿನಷ್ಟು ಸಿಲಿಕೋನ್ ಗ್ರೀಸ್ ಸಾಕು.

ಮಳೆಗಾಲ ಮುಗಿಸಿ ಪೆಟ್ಟಿಗೆ ತೆಗೆದರೆ ಬ್ರಿಕ್ಕಿನ ಮೇಲೆ ಬೂಷ್ಟು, ಬ್ಯಾಟರಿ ಡಬ್ಬಿಯಲ್ಲಿ ಬಿಳಿ ಪುಡಿ.
– ಮೂಡಿಗೆರೆ

ಬ್ರಿಕ್ಕುಗಳನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಿರಿ, 40 ಡಿಗ್ರಿಗಿಂತ ಬಿಸಿ ಬೇಡ. ಒಣಗಿಸುವುದು ನೆರಳಲ್ಲಿ, ಕಾಫಿಯ ಜೊತೆ ಕಣದಲ್ಲಿ ಹರವಿದರೆ ಬಿಸಿಲಿಗೆ ಬಿಳಿ ಬ್ರಿಕ್ ಹಳದಿಯಾಗುತ್ತದೆ. ಮೋಟಾರ್, ವೈರ್, ಡಬ್ಬಿಗೆ ನೀರು ತಾಗಿಸಬೇಡಿ.

ಪುಡಿ ಯಾವ ಸೆಲ್ಲಿನದು ಎಂಬುದರ ಮೇಲೆ ಔಷಧ. ಆಲ್ಕಲೈನ್ ಸೆಲ್ ಸೋರಿದ್ದರೆ ಅದು ಕ್ಷಾರ, ನಿಂಬೆರಸ ಮುಟ್ಟಿಸಿದ ಹತ್ತಿಕಡ್ಡಿಯಿಂದ ಒರೆಸಿ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಸೋರಿದ್ದರೆ ಅದು ಆಮ್ಲ, ಅಡುಗೆ ಸೋಡಾ ಕಲಸಿದ ನೀರು ಬೇಕು. ಆಮೇಲೆ ಒದ್ದೆ ಕಡ್ಡಿ, ಕೊನೆಗೆ ಒಣಕಡ್ಡಿ. ಗಡಿಯಾರದ ಸೆಲ್ ಹೇಗೂ ಮೋಟಾರಿಗೆ ಬೇಕಾದಷ್ಟು ಕರೆಂಟ್ ಕೊಡಲಾರದು. ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ಒಳ್ಳೆಯದು. ನೋಡಲು ಅದೇ ಗಾತ್ರವಿರುವ 3.7 ವೋಲ್ಟಿನ ಲಿಥಿಯಂ ಸೆಲ್ ಮಾತ್ರ ಹಾಕಬೇಡಿ. ಆರು ಸೇರಿದರೆ 22 ವೋಲ್ಟ್, ಮೋಟಾರ್ ಸುಡುತ್ತದೆ.

ಹಳದಿ ಬಣ್ಣದ ಬಿಒ (ಬ್ಯಾಟರಿಯಲ್ಲಿ ಓಡುವ) ಮೋಟಾರ್ ಅಗ್ಗಕ್ಕೆ ಸಿಗುತ್ತದೆ. ಬ್ರಿಕ್ಕಿಗೆ ಜೋಡಿಸಬಹುದೇ?
– ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ನೇರವಾಗಿ ಕೂರುವುದಿಲ್ಲ. ಟೆಕ್ನಿಕ್ ಅಚ್ಚು ಪ್ಲಸ್ ಆಕಾರದ್ದು, 4.8 ಮಿ.ಮೀ.; ಬಿಒ ಮೋಟಾರಿನ ಶಾಫ್ಟ್ 5.4 ಮಿ.ಮೀ., ಎರಡು ಕಡೆ ಚಪ್ಪಟೆ. ಅಂಟು ಹಾಕಿದರೆ ಒಂದು ದಿನಕ್ಕೆ ಕಳಚುತ್ತದೆ. ಸುಲಭದ ದಾರಿ ಬೆಲ್ಟ್: ಬಿಒ ಶಾಫ್ಟಿಗೆ ಅದರದೇ ರಾಟೆ, ಟೆಕ್ನಿಕ್ ಅಚ್ಚಿಗೆ ಟೈರ್ ಬಿಚ್ಚಿದ ಚಕ್ರ, ಎರಡಕ್ಕೂ ಒಂದು ರಬ್ಬರ್ ಬ್ಯಾಂಡ್. ಹೊರೆ ಮೀರಿದರೆ ಬ್ಯಾಂಡೇ ಜಾರಿ ಗೇರ್ ಉಳಿಸುತ್ತದೆ. ಮೋಟಾರಿಗೆ 6 ವೋಲ್ಟ್ ದಾಟಿಸಬೇಡಿ.

ಟಿಪ್ಪರಿನ ತೊಟ್ಟಿ ಪೂರ್ತಿ ಎದ್ದ ಮೇಲೆ ಆಕ್ಚುಯೇಟರ್ (ತಿರುಗಿಸಿದರೆ ಉದ್ದವಾಗಿ ತೊಟ್ಟಿ ಎತ್ತುವ ದಂಡ) ಕಟಕಟ ಎನ್ನುತ್ತದೆ. ಮುರಿಯಿತೇ?
– ಕಡೂರು

ಇಲ್ಲ. ತುದಿ ಮುಟ್ಟಿದಾಗ ಒಳಗಿನ ಕ್ಲಚ್ ಜಾರುವ ಸದ್ದು ಅದು, ಸ್ವಿಚ್ ಆರಿಸಿದರಾಯಿತು. ಅರ್ಧ ಎದ್ದಾಗಲೇ ಕಟಕಟ ಎಂದರೆ ಹೊರೆ ಹೆಚ್ಚಾಗಿದೆ, ಎರಡು ಆಕ್ಚುಯೇಟರ್ ಹಾಕಿ. ಜೋಡಿಸುವ ಮುಂಚೆ ಎರಡನ್ನೂ ಪೂರ್ತಿ ಒಳಕ್ಕೆ ತಿರುಗಿಸಿ ಸಮ ಮಾಡಿಕೊಳ್ಳಿ, ಇಲ್ಲದಿದ್ದರೆ ತೊಟ್ಟಿ ಓರೆಯಾಗಿ ಏಳುತ್ತದೆ.