ಹೇಳಿಕಳಿಸಬೇಡ, ನೀನೇ ಹೋಗು

ತಂಗೀ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಆಗಸ್ಟ್ ಕೊನೆಗೆ ಅಪ್ಪ-ಅಮ್ಮನ ಜೊತೆ ಮಂಡ್ಯ ಬಿಟ್ಟು ಕೆನಡಾದ ಮಿಸ್ಸಿಸಾಗಾಕ್ಕೆ ಬರ್ತಿದ್ದೀಯ, ಸೆಪ್ಟೆಂಬರಿನಲ್ಲಿ ಇಲ್ಲಿ 10ನೇ ಗ್ರೇಡ್ ಸೇರ್ತೀಯ. ಚಳಿ, ಬಟ್ಟೆ, ಫೋನು ಅಂತ ಏನೇನೋ ಕೇಳಿ, ಕೊನೆಗೆ ಹೀಗೆ ಬರೆದಿದ್ದೀಯ: "ಅಲ್ಲಿ ಫ್ರೆಂಡ್ಸ್ ಮಾಡ್ಕೊಳ್ಳೋದು ಹೆಂಗಕ್ಕಾ? ಇಲ್ಲಿ ನನ್ನ ಬೆಸ್ಟ್ ಫ್ರೆಂಡು ನಾನು ಹೊರಡೋ ವಿಷಯ ಮುಚ್ಚಿಟ್ಟೆ ಅಂತ ಮಾತು ಬಿಟ್ಟು ಇಪ್ಪತ್ತು ದಿನ ಆಯ್ತು. ಹೆಂಗಿದ್ರೂ ಹೋಗ್ತಿದ್ದೀನಲ್ಲ, ಬಿಟ್ಬಿಡ್ಲಾ?"

ಬೇರೆ ಪ್ರಶ್ನೆಗಳನ್ನು ಬೇಗ ಮುಗಿಸ್ತೀನಿ. ಚಳಿಗಾಲದ ಕೋಟು ಅಲ್ಲಿ ಕೊಳ್ಳಬೇಡ, ಇಲ್ಲಿನ ಚಳಿಗೆ ಇಲ್ಲಿನದೇ ಬೇಕು. ನಿನ್ನ ಇಂಗ್ಲಿಷ್ ಸಾಕು, ಕಷ್ಟ ಆದರೆ ಶಾಲೆಯಲ್ಲೇ ಅದಕ್ಕೆ ಬೇರೆ ಪಾಠ ಇದೆ. ಫೋನು ತರಬಹುದು. ಆದರೆ 2024ರ ಸೆಪ್ಟೆಂಬರಿನಿಂದ ಪಾಠದ ಹೊತ್ತಿನಲ್ಲಿ ಟೀಚರ್ ಹೇಳದೆ ಮುಟ್ಟೋ ಹಾಗಿಲ್ಲ. ಹೈಸ್ಕೂಲ್ ಡಿಪ್ಲೊಮಾಕ್ಕೆ 40 ಗಂಟೆ ಸಮುದಾಯ ಸೇವೆ ಕಡ್ಡಾಯ ಅಂತ ಕೇಳಿದ್ದು ನಿಜ. ಅದನ್ನು 12ನೇ ಗ್ರೇಡಿನವರೆಗೆ ತಳ್ಳಬೇಡ, ಬಂದ ತಿಂಗಳೇ ಶುರು ಮಾಡು. ಯಾಕೆ ಅಂತ ಹೇಳ್ತೀನಿ.

ನಾವು ಬಂದದ್ದು 2003ರ ಆಗಸ್ಟ್. ನಾನು 9ನೇ ತರಗತಿ ಮುಗಿಸಿದ್ದೆ, ನಿನ್ನದೇ ವಯಸ್ಸು. ಬಂದು ನಾಲ್ಕನೇ ದಿನ, 14ನೇ ತಾರೀಕು ಸಾಯಂಕಾಲ ನಾಲ್ಕು ಗಂಟೆ ಆಗಿತ್ತು, ಕರೆಂಟ್ ಹೋಯ್ತು. ನಮ್ಮ ಒಂಟಾರಿಯೊ ಪ್ರಾಂತ್ಯದ ಬಹುಭಾಗ, ಗಡಿಯಾಚೆ ನ್ಯೂಯಾರ್ಕಿನವರೆಗೆ ಕರೆಂಟಿಲ್ಲ. ಲಿಫ್ಟ್ ನಿಂತಿದ್ದರಿಂದ ಒಂಬತ್ತನೇ ಮಹಡಿಯಿಂದ ಮೆಟ್ಟಿಲಿಳಿದು ಬಂದೆವು. ಕೆಳಗೆ ನೋಡಿದರೆ ಇಡೀ ಕಟ್ಟಡದ ಜನ ಹುಲ್ಲಿನ ಮೇಲೆ ಕೂತಿದ್ದಾರೆ. ಯಾರೋ ಕರಗಿಹೋಗುತ್ತೆ ಅಂತ ಐಸ್‌ಕ್ರೀಮ್ ಹಂಚ್ತಿದ್ದಾರೆ, ಒಬ್ಬ ಹೆಂಗಸು ಹೆಸರು ಕೂಡ ಕೇಳದೆ ಅಮ್ಮನ ಕೈಗೆ ಎರಡು ಮೇಣದಬತ್ತಿ ಇಟ್ಟರು. ಕರೆಂಟ್ ಹೋದಾಗ ಬೀದಿಯವರೆಲ್ಲ ಜಗಲಿ ಮೇಲೆ ಸೇರ್ತಿದ್ದ ನಮಗೆ ಜೀವ ಬಂದ ಹಾಗಾಯ್ತು. "ನಮ್ಮೂರ ಥರಾನೇ ಕಣೇ" ಅಂದರು ಅಮ್ಮ. ಕರೆಂಟ್ ಬಂತು, ಬಾಗಿಲುಗಳು ಮುಚ್ಚಿಕೊಂಡವು. ಆಮೇಲೆ ತಿಂಗಳುಗಟ್ಟಲೆ ನಮ್ಮ ಬಾಗಿಲನ್ನು ಯಾರೂ ತಟ್ಟಲಿಲ್ಲ. ಮೇಣದಬತ್ತಿ ಕೊಟ್ಟವರು ಲಿಫ್ಟಿನಲ್ಲಿ ಸಿಕ್ಕರೆ ನಕ್ಕು, ಚಳಿ ಜಾಸ್ತಿ ಅಂತ ಒಂದು ಮಾತಾಡಿ ಇಳಿದುಹೋಗ್ತಿದ್ದರು.

ಅವರಿಗೆ ಮನಸ್ಸಿಲ್ಲ ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಹಾಗಲ್ಲ. ಇಲ್ಲಿ ಸುಮ್ಮನೆ ಬಂದು ಕೂರೋದಕ್ಕೆ ಒಂದು ನೆಪ ಬೇಕು, ಕೈಗೊಂದು ಕೆಲಸ ಬೇಕು. ಆ ಕೆಲಸ ನಡೀತಿರುವಾಗ ಪಕ್ಕದವರ ಜೊತೆ ಮಾತು ತಾನಾಗೇ ಹುಟ್ಟುತ್ತೆ. ಅದಕ್ಕೇ 40 ಗಂಟೆ ಬೇಗ ಶುರು ಮಾಡು ಅಂದದ್ದು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸು, ಸೆಪ್ಟೆಂಬರಿನಲ್ಲೇ ಯಾವುದಾದರೂ ಕ್ಲಬ್ಬಿಗೆ ಹೆಸರು ಕೊಡು.

ಇನ್ನೊಂದು ವಿಷಯ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಮ್ಮ ಕಡೆ 'ಬಿ' ಸೆಕ್ಷನ್ ಅಂದರೆ ವರ್ಷಪೂರ್ತಿ ಅದೇ ರೂಮು, ಅದೇ ಡೆಸ್ಕು, ಅದೇ ಜೊತೆಗಾತಿ. ಮೇಷ್ಟ್ರು ಬದಲಾಗ್ತಾರೆ, ನಾವು ಕದಲಲ್ಲ. ಇಲ್ಲಿ ಮೇಷ್ಟ್ರು ತಮ್ಮ ರೂಮಿನಲ್ಲೇ ಇರ್ತಾರೆ, ಗಂಟೆ ಹೊಡೆದಾಗ ಓಡಾಡೋದು ಮಕ್ಕಳು. ಹೆಚ್ಚಿನ ಹೈಸ್ಕೂಲುಗಳಲ್ಲಿ ಒಂದು ಸೆಮಿಸ್ಟರಿಗೆ ನಾಲ್ಕೇ ವಿಷಯ. ಫೆಬ್ರವರಿ ಬಂದರೆ ಬೇರೆ ನಾಲ್ಕು ವಿಷಯ, ಬೇರೆ ಮುಖಗಳು. ನಮ್ಮೂರಲ್ಲಿ ಮಾತು ಬಿಟ್ಟವರನ್ನು ಅರ್ಧಕ್ಕರ್ಧ ಸರಿಮಾಡೋದು ಆ ಡೆಸ್ಕೇ. ಒಂದೇ ಬೆಂಚಿನಲ್ಲಿ ಮೊಣಕೈ ತಾಗಿಸಿಕೊಂಡು ಎಷ್ಟು ದಿನ ಬಾಯಿ ಕಟ್ಟಿಕೊಂಡಿರೋಕಾಗುತ್ತೆ? ಒಂದು ದಿನ ಸ್ಕೇಲು ಬೇಕಾಗುತ್ತೆ, ಇನ್ನೊಂದು ದಿನ ರಬ್ಬರು. ಇಲ್ಲಿ ಆ ಡೆಸ್ಕಿಲ್ಲ.

ನನಗೆ ಇಲ್ಲಿ ಸಿಕ್ಕ ಮೊದಲ ಗೆಳತಿಯ ಕತೆ ಹೇಳಬೇಕು, ಇದನ್ನು ನಾನು ಯಾರಿಗೂ ಪೂರ್ತಿ ಹೇಳಿದವಳಲ್ಲ. ಮೊದಲ ವಾರ ಕ್ಯಾಫೆಟೇರಿಯಾದಲ್ಲಿ, ಮಂಡ್ಯದಲ್ಲಿ ಮಾಡ್ತಿದ್ದ ಹಾಗೆ, ಡಬ್ಬಿ ತೆಗೆದು ಪಕ್ಕದವಳ ಮುಂದೆ ತಳ್ಳಿದೆ. ಕಡಲೆಕಾಯಿ ಬೀಜ ಹಾಕಿದ ಚಿತ್ರಾನ್ನ. ಅವಳು ಕುರ್ಚಿಯನ್ನು ಸರ್ರಂತ ಹಿಂದಕ್ಕೆ ಎಳೆದುಕೊಂಡಳು. ಎಂಜಲು ಅಂದುಕೊಂಡಳೋ, ನಮ್ಮ ಊಟದ ವಾಸನೆ ಹಿಡಿಸಲಿಲ್ಲವೋ ಅಂತ ನನ್ನ ಕಣ್ಣಲ್ಲಿ ನೀರು ಬಂತು. ಅವಳು ಬ್ಯಾಗಿನ ಜೇಬಿನಿಂದ ಪೆನ್ನಿನಂಥ ಒಂದು ಇಂಜೆಕ್ಷನ್ ತೆಗೆದು ತೋರಿಸಿದಳು. ಕಡಲೆಕಾಯಿ ಅವಳಿಗೆ ವಿಷ. ಇಂಥ ಅಲರ್ಜಿ ಇರುವ ಮಕ್ಕಳಿಗಾಗಿ ಪ್ರತಿ ಶಾಲೆಯೂ ವ್ಯವಸ್ಥೆ ಮಾಡಿಕೊಂಡಿರಬೇಕು ಅನ್ನೋ ಕಾಯ್ದೆ ಒಂಟಾರಿಯೊದಲ್ಲಿ ಜಾರಿಗೆ ಬಂದದ್ದು 2006ರಲ್ಲಿ, ಅದಕ್ಕೂ ಮೊದಲಿನ ಮಾತು ಇದು. ಡಬ್ಬಿ ಹಂಚಿಕೊಳ್ಳೋ ಮೊದಲು ನೀನು ಕೇಳು, ಮರೀಬೇಡ. ಆ ದಿನ ಅವಳು ಎದ್ದುಹೋಗಲಿಲ್ಲ. ಎರಡು ಕುರ್ಚಿ ಆಚೆ ಕೂತು, ಅದು ಏನು, ಯಾರು ಮಾಡಿದ್ದು ಅಂತ ಕೇಳಿದಳು. ಆಮೇಲೆ ಶನಿವಾರಗಳಲ್ಲಿ ಲೈಬ್ರರಿ ಕೆಲಸಕ್ಕೂ ಜೊತೆಗೇ ಹೋಗತೊಡಗಿದೆವು.

ನವೆಂಬರಿನಲ್ಲಿ ಅವಳ ಹುಟ್ಟುಹಬ್ಬ. ಶನಿವಾರ ಎರಡು ಗಂಟೆಗೆ ಚೆಂಡು ಉರುಳಿಸೋ ಬೌಲಿಂಗ್ ಆಟಕ್ಕೆ ಬರ್ತೀಯಾ ಅಂತ ಕೇಳಿದಳು. ಅಪ್ಪ ಕಳಿಸಲ್ಲ ಅಂತ ನನಗೆ ಆಗಲೇ ಗೊತ್ತು. ಆದರೂ "ಬರ್ತೀನಿ" ಅಂದೆ. ನಿನಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಕರೆದವರ ಮುಖಕ್ಕೆ ಬರಲ್ಲ ಅನ್ನೋದುಂಟಾ? ಬರ್ತೀವಿ ಅಂತೀವಿ, ಹೇಳಿದ ಧಾಟಿಯಲ್ಲೇ ಕರೆದವರಿಗೆ ಗೊತ್ತಾಗುತ್ತೆ, ಬರದಿದ್ದರೆ ಬೇಜಾರಿಲ್ಲ. ಅವಳು ಧಾಟಿ ಕೇಳಲಿಲ್ಲ, ಮಾತು ಕೇಳಿದಳು. ನನ್ನನ್ನೂ ಲೆಕ್ಕ ಹಿಡಿದು ಅವಳ ಮನೆಯವರು ದುಡ್ಡು ಕಟ್ಟಿದ್ದರು. ಅರ್ಧ ಗಂಟೆ ನನಗೋಸ್ಕರ ಕಾದರಂತೆ. ಅಷ್ಟು ಹೊತ್ತಿನಲ್ಲಿ ನಮ್ಮ ಮನೆಯ ಫೋನ್ ಎರಡು ಸಲ ಹೊಡೆದುಕೊಂಡಿತು. ನಾನು ಪಕ್ಕದಲ್ಲೇ ಕೂತಿದ್ದೆ, ಎತ್ತಲಿಲ್ಲ.

ಸೋಮವಾರ ಲಾಕರ್ ಹತ್ತಿರ ಅವಳು ನನ್ನ ಕೈಗೆ ಒಂದು ಬಳೆಯಂಥ ಸರ ಕೊಟ್ಟಳು. ಅಕ್ಷರ ಬರೆದ ಪುಟ್ಟ ಬಿಳಿ ಮಣಿಗಳನ್ನು ನೀಲಿ ಎಲಾಸ್ಟಿಕ್ ದಾರಕ್ಕೆ ಪೋಣಿಸಿ, ಕರೆದವರಿಗೆಲ್ಲ ಅವರವರ ಹೆಸರಿನದು ಮಾಡಿದ್ದಳು. ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 'ಎ' ನಾಲ್ಕು ಬೇಕು. ಬಿಳಿ ಮಣಿ ಮೂರೇ ಇದ್ದವೇನೋ, ನಾಲ್ಕನೆಯದು ಗುಲಾಬಿ. "ಇದು ನಿನ್ನದು, ಮೊದಲೇ ಮಾಡಿಯಾಗಿತ್ತು" ಅಂದು ಹೊರಟುಹೋದಳು. ಅಪ್ಪ ಬಿಡಲಿಲ್ಲ ಅನ್ನೋ ಎರಡು ಶಬ್ದ ನನ್ನ ಬಾಯಿಂದ ಬರಲಿಲ್ಲ. ಅಪ್ಪನನ್ನು ಪರರ ಮುಂದೆ ಸಣ್ಣವರನ್ನಾಗಿ ಮಾಡಿದ ಹಾಗಾಗುತ್ತೆ ಅನ್ನಿಸಿತ್ತು. ಅದೇ ತರಗತಿಯಲ್ಲಿ ಅಂಥ ಅಪ್ಪಂದಿರು ಇನ್ನೂ ಎಷ್ಟೋ ಜನ ಇದ್ದರು ಅಂತ ಆಮೇಲೆ ತಿಳೀತು.

ಎರಡು ವಾರ ಅವಳೇ ಬಂದು ಮಾತಾಡಲಿ ಅಂತ ಕಾದೆ. ಬರಲಿಲ್ಲ. ಆಗ ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ, ಹೇಳಿಕಳಿಸಿದೆ.

ಈ ದಾರಿ ನಾನು ಕಲಿತದ್ದು ಮಂಡ್ಯದಲ್ಲಿ. 2002ರಲ್ಲಿ ಕಾವೇರಿ ಚಳವಳಿ ಜೋರಾಗಿತ್ತು, ಹೆದ್ದಾರಿ ಬಂದ್, ಶಾಲೆಗೆ ರಜೆ. ನನ್ನ ಗೆಳತಿಯ ಅಣ್ಣ ಮನೆಯಲ್ಲಿ ಹೇಳದೆ ರಸ್ತೆ ತಡೆಗೆ ಹೋಗಿದ್ದನ್ನು ನಾನು ಬಾಯಿಬಿಟ್ಟೆ, ಅವನಿಗೆ ಏಟು ಬಿತ್ತು, ಅವಳು ನನ್ನ ಜೊತೆ ಟೂ ಬಿಟ್ಟಳು. ಮೂರು ವಾರ ಕಳೆದ ಮೇಲೆ ಒಂದು ದಿನ ಪೇಟೆ ಬೀದಿಯಲ್ಲಿ ಅವಳ ಅಜ್ಜಿ ಸಿಕ್ಕರು. "ಅವ್ಳಿಗೆ ನನ್ ಮೇಲೆ ಕೋಪ ಬೇಡ ಅಂತ ಹೇಳಜ್ಜೀ" ಅಂದೆ. "ನಾನೇನ್ ಹೇಳ್ಲವ್ವ, ಬಾ" ಅಂತ ರಟ್ಟೆ ಹಿಡಿದು ಮನೆಗೆ ಕರ್ಕೊಂಡು ಹೋದರು. ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಮುದ್ದೆ, ಬಸ್ಸಾರು ಬಡಿಸಿದರು. ಅವಳು ತನ್ನ ತಟ್ಟೆಯ ಹುರುಳಿಕಾಯಿ ಪಲ್ಯವನ್ನು ನನ್ನ ತಟ್ಟೆಗೆ ಸರಿಸಿದಳು. ತಪ್ಪಾಯ್ತು ಅಂತ ಯಾರೂ ಅನ್ನಲಿಲ್ಲ. ಸಂಕ್ರಾಂತಿಗೆ ಇಬ್ಬರೂ ಒಂದೇ ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರಿದೆವು.

ಇಲ್ಲಿ ನಾನು ಹೇಳಿಕಳಿಸಿದ್ದು ಸೈನ್ಸ್ ಲ್ಯಾಬಿನ ಒಬ್ಬ ಹುಡುಗಿಯ ಹತ್ತಿರ. ನನ್ನ ಅಪ್ಪ ಬಿಡಲಿಲ್ಲ, ನನಗೆ ಬೇಜಾರಾಗಿದೆ, ಅವಳಿಗೆ ಹೇಳು ಅಂದೆ. ಮಾರನೇ ದಿನ ನನ್ನ ಗೆಳತಿ ನನ್ನೆದುರು ಬಂದು ನಿಂತಳು. ಮುಖ ಕೆಂಪಾಗಿತ್ತು. "ನನಗೆ ಹೇಳಬೇಕಾದ ಮಾತನ್ನ ಅವಳಿಗೆ ಯಾಕೆ ಹೇಳಿದೆ? ನಮ್ಮಿಬ್ಬರ ವಿಷಯ ಈಗ ಇನ್ನೆಷ್ಟು ಜನಕ್ಕೆ ಗೊತ್ತು?" ಅಂದಳು. ನಾನು ರಾಜಿಗೆ ಅಂತ ಕಳಿಸಿದ ಮಾತು ಅವಳಿಗೆ ಬೆನ್ನ ಹಿಂದಿನ ಮಾತಾಗಿ ಮುಟ್ಟಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅವಳು ಲೈಬ್ರರಿಯ ಶನಿವಾರವನ್ನು ಭಾನುವಾರಕ್ಕೆ ಬದಲಾಯಿಸಿಕೊಂಡಳು. ಫೆಬ್ರವರಿಯಲ್ಲಿ ಸೆಮಿಸ್ಟರ್ ಬದಲಾಯ್ತು, ಒಂದು ತರಗತಿಯಲ್ಲೂ ಇಬ್ಬರೂ ಸೇರಲಿಲ್ಲ. ಜೂನಿನಲ್ಲಿ ಅವರ ಮನೆಯವರು ದೂರದ ಕ್ಯಾಲ್ಗರಿ ನಗರಕ್ಕೆ ಹೋದರು. 22 ವರ್ಷ ಆಯ್ತು. ಎಲಾಸ್ಟಿಕ್ ದಾರ ಯಾವತ್ತೋ ಪುಡಿಯಾಗಿಹೋಗಿದೆ, ಮಣಿಗಳು ನನ್ನ ಹಳೇ ಕುಂಕುಮದ ಭರಣಿಯಲ್ಲಿವೆ.

ಆದ್ದರಿಂದ ಇಲ್ಲಿ ಯಾರ ಜೊತೆಗಾದರೂ ಮನಸ್ತಾಪ ಆದರೆ ಎರಡು ಮೂರು ದಿನ ದಾಟಿಸಬೇಡ. ಮೆಸೇಜಿನಲ್ಲಿ ಬೇಡ, ನಾಲ್ಕು ಜನರ ಮುಂದೆ ಬೇಡ. ಒಬ್ಬಳೇ ಇದ್ದಾಗ ಹೋಗಿ, ನಿನ್ನಿಂದ ಏನಾಯ್ತೋ ಅಷ್ಟನ್ನೇ ಹೇಳು: "ಬರ್ತೀನಿ ಅಂದು ಬರಲಿಲ್ಲ. ಮನೆಯಲ್ಲಿ ಕಳಿಸಲ್ಲ ಅಂತ ಗೊತ್ತಿತ್ತು, ಹೇಳೋಕೆ ನಾಚಿಕೆ ಆಯ್ತು. ನನ್ನದೇ ತಪ್ಪು." ಆದರೆ, ಅಂದರೆ ಅಂತ ಬಾಲ ಸೇರಿಸಬೇಡ. ಆಮೇಲೆ ಅವಳು ಹೇಳೋದನ್ನು ಕೇಳಿಸಿಕೋ. ನನಗೆ ಸ್ವಲ್ಪ ಸಮಯ ಬೇಕು ಅಂದರೆ ಅದು ಮುನಿಸಲ್ಲ, ನಿಜವಾಗಿ ಸಮಯವೇ ಬೇಕಾಗಿರುತ್ತೆ. ದಿನಾ ಸಿಕ್ಕಾಗ ಎಂದಿನ ಹಾಗೆ ಮಾತಾಡಿಸು. ಮನೆಯಲ್ಲಿ ಬಿಡಲ್ಲ ಅನ್ನೋದಿದ್ದರೆ ಕರೆದ ದಿನವೇ ಹೇಳು, ಇಲ್ಲಿ ಅದರಿಂದ ಯಾರಿಗೂ ಅವಮಾನ ಇಲ್ಲ. ಹತ್ತು ಜನ ಸೇರಿ ಒಬ್ಬಳನ್ನು ಕಾಡೋದು, ಫೋಟೋ ಹಾಕಿ ಆಡಿಕೊಳ್ಳೋದು ಗೆಳತಿಯರ ಜಗಳ ಅಲ್ಲ. ಅದಕ್ಕೆ ನೇರ ಶಾಲೆಯ ಗೈಡೆನ್ಸ್ ಕೌನ್ಸೆಲರ್ ಹತ್ತಿರ ಹೋಗು. ಮಕ್ಕಳಿಗೇ ಅಂತ 24 ಗಂಟೆಯೂ ಇರುವ ಕಿಡ್ಸ್ ಹೆಲ್ಪ್ ಫೋನ್ ಅನ್ನೋ ಸೇವೆಯೂ ಇದೆ.

ಈಗ ನಿನ್ನ ಮಂಡ್ಯದ ಗೆಳತಿ. ಬಿಟ್ಬಿಡ್ಲಾ ಅಂತ ಕೇಳಿದ್ದೀಯ. ಬಿಡಬೇಡ ಕಣಮ್ಮ. ನೀನು ಹೊರಡ್ತಿದ್ದೀಯ ಅಂತ ಅವಳಿಗೆ ಕೋಪ ಅಲ್ಲ. ನೀನೇ ಬರೆದಿದ್ದೀಯಲ್ಲ, ಅವಳಿಗೆ ವಿಷಯ ಗೊತ್ತಾದದ್ದು ಟ್ಯೂಷನ್ನಿನಲ್ಲಿ ಬೇರೆ ಹುಡುಗಿಯ ಬಾಯಿಂದ ಅಂತ. ಅದು ಓದಿದಾಗ ನನಗೆ ಆ ಲಾಕರಿನ ಹತ್ತಿರದ ಮುಖ ಕಣ್ಣಿಗೆ ಬಂತು. ಮುದ್ದೆ ಬಡಿಸಿದ ಮನೆಗೆ ನಾನು ಈಗಲೂ ಹೋಗ್ತೀನಿ. ಊರಿಗೆ ಹೋದಾಗಲೆಲ್ಲ ಮೊದಲ ಊಟ ಅಲ್ಲೇ. ಅಜ್ಜಿ ಇಲ್ಲ, ಅವಳಿದ್ದಾಳೆ. ಇಲ್ಲಿ ಎಷ್ಟು ಜನ ಆತ್ಮೀಯರಾದರೂ ನನ್ನನ್ನು ಮನೆಯ ಹೆಸರಿನಿಂದ ಕರೆಯೋಳು ಅವಳೊಬ್ಬಳೇ.

ನಮಗೆ ಆಗ ಐದು ಡಾಲರಿನ ಫೋನ್ ಕಾರ್ಡ್ ಗೀಚಿ, ನಂಬರ್ ಒತ್ತಿ, ಕೊನೇ ನಿಮಿಷ ಎಣಿಸಿಕೊಂಡು ಮಾತಾಡಬೇಕಿತ್ತು. ನಿನಗೆ ಅದಿಲ್ಲ. ನವೆಂಬರಿನವರೆಗೆ ನಾವು ಒಂಬತ್ತೂವರೆ ಗಂಟೆ ಹಿಂದೆ. ಬೆಳಗ್ಗೆ ಏಳಕ್ಕೆ ನೀನು ಶಾಲೆಗೆ ಹೊರಡುವಾಗ ಅಲ್ಲಿ ಸಾಯಂಕಾಲ ನಾಲ್ಕೂವರೆ, ಅವಳು ಶಾಲೆಯಿಂದ ಬರೋ ಹೊತ್ತು. ಆ ಹತ್ತು ನಿಮಿಷವನ್ನು ಅವಳಿಗೆ ಇಡು. ಇಲ್ಲಿ ಗಡಿಯಾರ ಹಿಂದಕ್ಕೆ ಹಾಕಿದ ಮೇಲೆ ಅದು ಐದೂವರೆ ಆಗುತ್ತೆ, ಅದನ್ನೂ ಅವಳಿಗೆ ಈಗಲೇ ಹೇಳಿರು.

ಇವತ್ತೇ ಹೋಗು. ಬರಿಗೈಲಿ ಬೇಡ, ಒಂದು ಮೊಳ ಮಲ್ಲಿಗೆ ತಗೋ. ಅವಳು ರೂಮಿನಿಂದ ಹೊರಗೆ ಬರದಿದ್ದರೆ ಹೂವನ್ನು ಅವರಮ್ಮನ ಕೈಗೆ ಕೊಡು. ಮಾತು ಮಾತ್ರ ಅವರ ಹತ್ತಿರ ಹೇಳಿ ಬರಬೇಡ, ಅದನ್ನು ಹಾಗೇ ಇಟ್ಟುಕೊಂಡು ನಾಳೆ ಮತ್ತೆ ಹೋಗು.