ಬಾಣಕ್ಕೆ ನಾವೇ ಗರಿ ಅಂಟಿಸುವಾಗ ಮೂರೂ ಸಮ ಅಂತರದಲ್ಲಿ ಬರೋದು ಹೇಗೆ?

ಒಂದು ಕಾಗದದ ಪಟ್ಟಿ ಸಾಕು. ಬಾಣದ ಕಡ್ಡಿಗೆ ಬಿಗಿಯಾಗಿ ಒಂದು ಸುತ್ತು ಸುತ್ತಿ, ಅಂಚು ಕೂಡುವಲ್ಲಿ ಗುರುತು ಹಾಕಿ. ಬಿಚ್ಚಿ, ಆ ಉದ್ದವನ್ನು ಮೂರು ಪಾಲು ಮಾಡಿ. 8 ಮಿ.ಮೀ. ದಪ್ಪದ ಕಡ್ಡಿಗೆ ಸುತ್ತಳತೆ ಸುಮಾರು 25 ಮಿ.ಮೀ., ಅಂದರೆ 8.4 ಮಿ.ಮೀ.ಗೊಂದು ಗೆರೆ. ಮತ್ತೆ ಸುತ್ತಿ ಗುರುತನ್ನು ಕಡ್ಡಿಗೆ ಇಳಿಸಿ. ದಾವಣಗೆರೆಯಲ್ಲಿ ನಾನು ಮಂಡಕ್ಕಿ ಪೊಟ್ಟಣದ ಕಾಗದದಲ್ಲೇ ಮಾಡಿದ್ದೆ. ಅದರ ಎಣ್ಣೆ ಕಡ್ಡಿಗೆ ತಾಗಿತ್ತು, ಗರಿಯ ಅಂಟು ಹಿಡಿಯಲೇ ಇಲ್ಲ!

ಗರಿಗಳು ಗಾಳಿಯಲ್ಲಿ ಬಾಣದ ಬಾಲವನ್ನು ಹಿಂದಕ್ಕೆ ಎಳೆದು ಹಿಡಿಯುತ್ತವೆ. ಎರಡು ಗರಿ ಹತ್ತಿರವಾದರೆ ಒಂದು ಕಡೆ ಎಳೆತ ಜಾಸ್ತಿ, ಬಾಲ ಓಲಾಡುತ್ತದೆ. ಮೊದಲ ಗರಿ ಹೆದೆ ಕೂರುವ ಸೀಳಿಗೆ ನೇರ ಅಡ್ಡವಾಗಿ, ಬಿಲ್ಲಿನಿಂದ ಆಚೆಗೆ ಮುಖ ಮಾಡಿರಲಿ. ಇಲ್ಲದಿದ್ದರೆ ಬಿಲ್ಲಿಗೆ ಉಜ್ಜುತ್ತದೆ.