ಕಾಫಿ ಮಾರಾಟದ ಬಾಕಿ: ನೋಟಿಸ್ ಕೊಟ್ಟ ಮೇಲೆ ನೇರ ದಾವೆ ಹೂಡಬಹುದೇ?

ಮಾನ್ಯರೇ, ಮೂಡಿಗೆರೆಯ ತೋಟದ ಕಾಫಿಯನ್ನು ಚಿಕ್ಕಮಗಳೂರಿನ ವ್ಯಾಪಾರಿಗೆ ಕೊಟ್ಟು ಎರಡು ವರ್ಷ ಕಳೆದರೂ 6 ಲಕ್ಷ ರೂಪಾಯಿ ಬಂದಿಲ್ಲ, ವಕೀಲರ ನೋಟಿಸಿನ ಬಳಿಕ ನೇರವಾಗಿ ದಾವೆ ಹೂಡಬಹುದೇ ಎಂದು ಕೇಳಿದ್ದೀರಿ. ಸರಕು ಮಾರಾಟದ ಒಪ್ಪಂದದಿಂದ ಹುಟ್ಟಿದ, 3 ಲಕ್ಷಕ್ಕೆ ಕಡಿಮೆಯಿಲ್ಲದ ತಕರಾರು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ, ತುರ್ತು ಮಧ್ಯಂತರ ಆದೇಶದ ಅಗತ್ಯವಿಲ್ಲದಿದ್ದರೆ, ಕಲಂ 12ಎ ಪ್ರಕಾರ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. ಇದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ನೋಟಿಸ್ ಇದಕ್ಕೆ ಬದಲಿಯಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ದಾವೆ ಹೂಡಲು ಇರುವ ಕಾಲಮಿತಿ. ಹಣ ಕೊಡುವ ಗಡುವನ್ನು ಮೊದಲೇ ಗೊತ್ತುಪಡಿಸಿರದಿದ್ದರೆ ಸರಕು ತಲುಪಿಸಿದ ದಿನದಿಂದ 3 ವರ್ಷ ಮಾತ್ರ. ಮಧ್ಯಸ್ಥಿಕೆಯಲ್ಲಿ ಕಳೆದ ಅವಧಿಯನ್ನು ಈ 3 ವರ್ಷದ ಲೆಕ್ಕಕ್ಕೆ ಸೇರಿಸುವುದಿಲ್ಲ, ಆದರೆ ನೀವು ಕಳಿಸಿದ ನೋಟಿಸಿನಿಂದ ಕಾಲಮಿತಿ ಒಂದು ದಿನವೂ ಹಿಗ್ಗುವುದಿಲ್ಲ. ಅವಧಿ ಮುಗಿಯುವ ಮೊದಲೇ ವ್ಯಾಪಾರಿಯು ಬಾಕಿಯನ್ನು ಒಪ್ಪಿ ಸಹಿ ಮಾಡಿದ ಒಂದು ಚೀಟಿ ದೊರೆತರೆ ಆ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. "ಮಳೆ ನಿಂತ ಮೇಲೆ ಕೊಡ್ತೀನಿ" ಎಂಬ ವಾಟ್ಸಾಪ್ ಸಂದೇಶವನ್ನು ಅಳಿಸಬೇಡಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಲೂ ಬೇಡಿ. ತೂಕದ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದ ಚೀಲಗಳ ಲೆಕ್ಕವನ್ನು, ಅದು ಮಾಸುವ ಮುನ್ನ, ಇಂದೇ ನಕಲು ಮಾಡಿಸಿಡಿ.